ಹಲಸಿನ ದಿಮ್ಮಿಗೆ ಯಾವ ಚೈನ್‌ಸಾ?

ಕಳೆದ ಮಳೆಗಾಲದಲ್ಲಿ ಉಡುಪಿ ಹತ್ತಿರದ ಹಿರಿಯಡ್ಕದ ನಮ್ಮ ಮನೆಯ ಹಟ್ಟಿ ಪಕ್ಕದ ಹಲಸಿನ ಮರ ಬಿತ್ತು. ಮಿಲ್ಲಿಗೆ ಕೊಡಲು ಮನಸ್ಸು ಬರಲಿಲ್ಲ. ನಮ್ಮ ಕಡೆ ಭೂತದ ಮೂರ್ತಿ ಕೆತ್ತುವುದೂ ಹಲಸಿನಲ್ಲೇ ಅಲ್ವಾ, ನಾನೂ ಏನಾದರೂ ಕೆತ್ತೋಣ ಅನಿಸಿತು. ಗೂಬೆ ಮಾಡುತ್ತೇನೆ ಅಂದೆ. ಅಂಗಳದಲ್ಲಿ ಗೂಬೆ ಕೂರಿಸಬೇಡ ಮಾರಾಯಾ ಅಂದರು ಅಮ್ಮ. ಹಾಗೆ ಆಮೆಗೆ ಬಂದು ನಿಂತೆ. ಉಳಿಗೆ ಮೊದಲು ಚೈನ್‌ಸಾ ಬೇಕಿತ್ತು. ಮೂರು ಮೆಷಿನ್ ಹಿಡಿದು ನೋಡಿದೆ.

ಮೊದಲನೆಯದು ನೆರೆಮನೆಯವರ 58 ಸಿಸಿಯದು, 22 ಇಂಚಿನ ಬಾರ್, ಅಂದರೆ ಚೈನ್ ಸುತ್ತುವ ಉದ್ದ ಪಟ್ಟಿ. ಪೆಟ್ರೋಲ್ ತುಂಬಿದರೆ ಏಳು ಕೆಜಿ ಹತ್ತಿರ. ದಿಮ್ಮಿಯನ್ನು ಬಾಳೆದಿಂಡಿನಂತೆ ಕೊಯ್ಯಿತು. ಆಮೆಯ ಕುತ್ತಿಗೆಗೆ ಹೋದಾಗ ಮಾತ್ರ ಕೈ ನಡುಗಿತು. ಇದರ ಬಗ್ಗೆ ಜಾಸ್ತಿ ಹೇಳಲು ಏನೂ ಇಲ್ಲ.

ಎರಡನೆಯದು ಭಾವನ ಸ್ಟಿಲ್ ಕಂಪನಿಯ ಎಂಎಸ್ 180. 31.8 ಸಿಸಿ, ಬಾರ್-ಚೈನ್ ಬಿಟ್ಟು ಸುಮಾರು 4 ಕೆಜಿ. ಒಂದಡಿ ದಪ್ಪದ ದಿಮ್ಮಿಗೆ ಧಾರಾಳ ಸಾಕು. ಭಾವ ಅದಕ್ಕೆ ಕೆತ್ತನೆಯ ಬಾರ್ ಹಾಕಿಸಿದ್ದರು, ಸಣ್ಣ ಕೊಂಡಿಗಳ ಕಾಲಿಂಚಿನ ಚೈನು. ಅದಕ್ಕೆ ಒಳಗಿನ ಹಲ್ಲುಚಕ್ರವನ್ನೂ ಬದಲಿಸಬೇಕು. ಈ ಬಾರಿನ ತುದಿ ನಾಣ್ಯದಷ್ಟು ಚಿಕ್ಕದು. ಮಾಮೂಲಿ ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮೆಷಿನ್ ಹಿಂದಕ್ಕೆ ಮುಖದತ್ತ ಹಾರುತ್ತದೆ. ತುದಿ ಚಿಕ್ಕದಾದಷ್ಟು ಆ ಒದೆತ ಕಡಿಮೆ. ಆದರೆ ತುದಿಯಲ್ಲಿ ಚಕ್ರ ಇಲ್ಲದ ಕಾರಣ ಬೇಗ ಬಿಸಿಯಾಗುತ್ತದೆ, ಚೈನ್ ಆಯಿಲ್ ಖಾಲಿಯಾಗಲು ಬಿಡಬಾರದು. ಮುಂಭಾಗದ ಭಾರ ಇಳಿದ ಕೂಡಲೇ ಅದೇ ಮೆಷಿನ್ ಬೇರೆಯೇ ಅನಿಸಿತು. ಸಿಸಿ ನೋಡುವ ಮೊದಲು ಬಾರ್ ನೋಡಿ.

ಮೂರನೆಯದು ಗೆಳೆಯನ 18 ವೋಲ್ಟ್ ಬ್ಯಾಟರಿಯದು, 10 ಇಂಚಿನ ಬಾರ್. ಹಸಿ ಹಲಸಿನಲ್ಲಿ ದಪ್ಪ ತುಂಡಾದರೆ ಹತ್ತು-ಹನ್ನೆರಡು ಕೊಯ್ಲಿಗೆ ಒಂದು ಬ್ಯಾಟರಿ ಮುಗಿಯಿತು. ದಿಮ್ಮಿ ಕೆಲಸಕ್ಕೆ ಇದನ್ನು ನಂಬಿದರೆ ಕೆಟ್ಟಿರಿ. ಆದರೆ ಕೆತ್ತನೆಯಲ್ಲಿ ಕೊಯ್ಯುವುದಕ್ಕಿಂತ ನಿಂತು ನೋಡುವುದೇ ಜಾಸ್ತಿ. ಚಿಪ್ಪಿನ ಅಂಚು ಸ್ವಲ್ಪ ತೆಗೆ, ನಾಲ್ಕು ಹೆಜ್ಜೆ ಹಿಂದೆ ಸರಿ, ಮತ್ತೆ ತೆಗೆ. ಪೆಟ್ರೋಲಿನದಾದರೆ ಅಷ್ಟು ಹೊತ್ತೂ ಸುಮ್ನೆ ಗುರ್ ಅನ್ನುತ್ತಿರುತ್ತದೆ, ಇಲ್ಲವೇ ಮತ್ತೆ ಹಗ್ಗ ಎಳೆಯಬೇಕು. ಇದರಲ್ಲಿ ಬೆರಳು ಬಿಟ್ಟರೆ ಮೌನ. ಹಟ್ಟಿಯ ದನವೂ ಬೆದರಲಿಲ್ಲ. ಹಗುರ ಅಂತ ಒಂದೇ ಕೈಯಲ್ಲಿ ಹಿಡಿಯುವ ಆಸೆ ಬರುತ್ತದೆ. ಅದು ಮಾತ್ರ ಬೇಡ.

ಪೆಟ್ರೋಲಿನದಕ್ಕೆ ಇನ್ನೊಂದು ರಗಳೆ. ಲೀಟರಿಗೆ 20 ಮಿಲಿ ಟೂ-ಸ್ಟ್ರೋಕ್ ಆಯಿಲ್ ಬೆರೆಸಬೇಕು, ಅದೇನೂ ಕಷ್ಟವಲ್ಲ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ನಮ್ಮ ಆಟಿ ತಿಂಗಳ ಮಳೆಯ ತೇವಕ್ಕೆ ನೀರು ಎಳೆಯುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬ್ಯುರೇಟರ್ ಕಟ್ಟುತ್ತದೆ. ನನ್ನಂತೆ ಭಾನುವಾರ ಮಾತ್ರ ಮೆಷಿನ್ ಮುಟ್ಟುವವರಿಗೆ ಇದು ಸಣ್ಣ ವಿಷಯವಲ್ಲ.

ಹಲಸಿನ ಮೇಣಕ್ಕೆ ಮೂರೂ ಒಂದೇ. ಚೈನಿಗೆ ಮೇಣ ಹಿಡಿದು ಹೊಟ್ಟು ಗಟ್ಟಿ ಕೂರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಹಲ್ಲಿಗೆ ಅರ ಹಾಕಿಯೇ ಮತ್ತೆ ಕೈ ಹಚ್ಚಬೇಕಾಯಿತು.

ಕೊನೆಗೆ ಬ್ಯಾಟರಿಯದನ್ನೇ ಕೊಂಡೆ, ಎರಡು ಬ್ಯಾಟರಿ ಸಮೇತ. ದಿಮ್ಮಿ ತುಂಡು ಮಾಡಲು ಊರಲ್ಲಿ ಮೆಷಿನ್ ತರುವವರು ಸಂಬಳಕ್ಕೆ ಸಿಗುತ್ತಾರೆ, ಅರ್ಧ ದಿನದ ಕೆಲಸ. ಆಮೆ ಕೆತ್ತಿಕೊಡಲು ಯಾರೂ ಬರುವುದಿಲ್ಲ. ವಾರಕ್ಕೆ ಎರಡು ದಿನ ಮರ ಕೊಯ್ಯುವವನಾಗಿದ್ದರೆ ಭಾವನದ್ದನ್ನೇ ತೆಗೆದುಕೊಳ್ಳುತ್ತಿದ್ದೆ. ಆಮೆಯ ಎಡಗಾಲು ಸ್ವಲ್ಪ ಸಣ್ಣದಾಗಿದೆ, ಅದು ಆ 58 ಸಿಸಿಯ ಗುರುತು.