ನಗಿಸುವ ಮೂರು ಪಂಕ್ ಬ್ಯಾಂಡುಗಳು, ನನ್ನ ದುಡ್ಡು ಮಾತ್ರ ಟಾಯ್ ಡಾಲ್ಸ್‌ಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟಾಯ್ ಡಾಲ್ಸ್‌ಗೆ. ಸ್ಪ್ಲಾಜ್‌ನೆಸ್‌ಅಬೌಂಡ್ಸ್, ಪೀಟರ್ ಆಂಡ್ ದ ಟೆಸ್ಟ್ ಟ್ಯೂಬ್ ಬೇಬೀಸ್ ಕೂಡ ಬ್ರಿಟನ್ನಿನ ತಮಾಷೆ ಪಂಕ್ ಬ್ಯಾಂಡುಗಳೇ. ಪಂಕ್ ಅಂದರೆ ಜೋರಾಗಿ, ವೇಗವಾಗಿ ಬಾರಿಸುವ ರಾಕ್ ಸಂಗೀತ. ಮೂರನ್ನೂ ದುಡ್ಡು ಕೊಟ್ಟು ಕೇಳಿದ್ದೇನೆ. ಆದರೆ ಟೋಪಿ ಹಾಕಿಸಿಕೊಂಡಿದ್ದು ನೆಚ್ಚಿನ ಬ್ಯಾಂಡಿನ ಸಿಡಿಯಲ್ಲೇ!

ನನಗೆ ಬೇಕಿದ್ದದ್ದು 'ನೆಲ್ಲಿ ದಿ ಎಲಿಫೆಂಟ್'. ಅದು 1956ರ ಮಕ್ಕಳ ಹಾಡು. ಬಾಂಬೆಗೆ ಬಂದ ಸರ್ಕಸ್ಸಿನ ಆನೆ ಟ್ರಂಕ್ ಕಟ್ಟಿಕೊಂಡು ಹೊರಟುಬಿಡುತ್ತದೆ. ಇಂಗ್ಲಿಷಿನಲ್ಲಿ ಟ್ರಂಕ್ ಅಂದರೆ ಸೊಂಡಿಲೂ ಹೌದು, ನಮ್ಮಜ್ಜಿ ಮಂಚದ ಕೆಳಗಿಟ್ಟಿದ್ದ ಪೆಟ್ಟಿಗೆಯೂ ಹೌದು. ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಊರಿನ ಟಾಯ್ ಡಾಲ್ಸ್ ಹುಡುಗರು 1982ರಲ್ಲಿ ಅದನ್ನು ಶರವೇಗದಲ್ಲಿ ಬಾರಿಸಿದರು. 1984ರಲ್ಲಿ ಮತ್ತೆ ಬಿಟ್ಟಾಗ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋಯಿತು.

ಈ ಹಾಡಿನ ಜೀವವೆಲ್ಲ ಪಲ್ಲವಿಗೆ ಮುಂಚೆ ಬರುವ "ಊಊಊ" ಎಂಬ ಕೂಗಿನಲ್ಲಿದೆ. ಪ್ರೆಶರ್ ಕುಕ್ಕರ್ ವಿಷಲ್ ಹೊಡೆಯುವ ಮುಂಚೆ ಸದ್ದು ಮಾಡುತ್ತದಲ್ಲ, ಹಾಗೆ ಏರುತ್ತಾ ಹೋಗಿ ಢಮಾರ್ ಅನ್ನುತ್ತದೆ. ಅದಕ್ಕೋಸ್ಕರವೇ ಒಂದು ಹಳೇ ಸಿಡಿ ತರಿಸಿದೆ. ಬಂದದ್ದು ಲೈವ್, ಅಂದರೆ ಸಭಿಕರ ಮುಂದೆ ಹಾಡುವಾಗ ರೆಕಾರ್ಡ್ ಮಾಡಿದ್ದು! ಊಊಊ ಶುರುವಾದ ಕೂಡಲೇ ಸಭೆಯೆಲ್ಲ ಒಟ್ಟಿಗೆ ಕಿರುಚುತ್ತದೆ. ಗಿಟಾರೂ ಇಲ್ಲ, ಬ್ಯಾಂಡಿನ ಗಾಯಕ, ಗಿಟಾರ್ ವಾದಕ ಓಲ್ಗಾನ (ಹೆಸರು ಹಾಗಿದ್ದರೂ ಗಂಡಸೇ) ಕೀರಲು ದನಿಯೂ ಇಲ್ಲ. ಜಾತ್ರೆಯಲ್ಲಿ ಮೈಕು ಕೈಕೊಟ್ಟ ಹಾಗೆ.

ಮಾರಿದವನಿಗೆ ಬರೆದೆ. "ಹಾಡು ಅದೇ ತಾನೇ" ಅಂದ. ಅದೇ ಹಾಡು, ಸರಿ. ಬಿಸಿಬೇಳೆಬಾತ್ ಕೇಳಿದವನಿಗೆ ಅನ್ನ, ಬೇಳೆ ಬೇರೆ ಬೇರೆ ಕೊಟ್ಟರೆ ಹೇಗೆ? ಹಿಂದೆ ಕಳಿಸುವ ಖರ್ಚು ಸಿಡಿಗಿಂತ ಜಾಸ್ತಿ ಆಗುತ್ತಿತ್ತು. ಸುಮ್ನೆ ಇಟ್ಟುಕೊಂಡೆ. ಮುಂದಿನ ತಿಂಗಳು 1983ರ 'ಡಿಗ್ ದಟ್ ಗ್ರೂವ್ ಬೇಬಿ' ತಗೊಂಡೆ. ಅದರಲ್ಲಿ ಸರಿಯಾದ ನೆಲ್ಲಿ ಇದ್ದಾಳೆ.

ಸ್ಪ್ಲಾಜ್‌ನೆಸ್‌ಅಬೌಂಡ್ಸ್‌ನ ದೊಡ್ಡ ಹಿಟ್ ಹಾಡು 1980ರದು, ಅದೇ ಪಟ್ಟಿಯಲ್ಲಿ 7ನೇ ಸ್ಥಾನ. ಪಬ್ಬು ಮುಚ್ಚುವ ಹೊತ್ತಿನಲ್ಲಿ ಒಬ್ಬ ಎರಡು ಪೈಂಟ್ ಲಾಗರ್ ಬಿಯರ್, ಒಂದು ಪೊಟ್ಟಣ ಚಿಪ್ಸ್ ಬೇಕು ಅಂತ ಕೂಗುತ್ತಲೇ ಇರುತ್ತಾನೆ. ಅಷ್ಟೇ ಹಾಡು. ಮೊದಲ ಸಲ ಬಿದ್ದು ಬಿದ್ದು ನಕ್ಕೆ, ಮೂರನೇ ಸಲ ಮುಂದಿನ ಹಾಡಿಗೆ ಹೋದೆ.

ಟೆಸ್ಟ್ ಟ್ಯೂಬ್ ಬೇಬೀಸ್ ಸಸೆಕ್ಸಿನ ಪೀಸ್‌ಹೇವನ್‌ನವರು. ಇವರದೂ ಪಬ್ಬಿನ ಪುರಾಣವೇ, ಕುಡಿಯದ ನನಗೆ ಅಷ್ಟು ಹತ್ತಲಿಲ್ಲ. ಗಿಟಾರು ಮಾತ್ರ ಗಟ್ಟಿ.

ನಾನು ಹಾಡು ಕೇಳುವುದು ಪಾತ್ರೆ ತೊಳೆಯುವಾಗ. ನೂರು ಸಲ ಕೇಳಿದ ಮೇಲೂ ಕೈ ಓಡಬೇಕು. ಜೋಕು ಹಳಸಿದರೂ ಟ್ಯೂನ್ ನಿಲ್ಲಬೇಕು. ಟಾಯ್ ಡಾಲ್ಸ್‌ನಲ್ಲಿ ನಿಲ್ಲುತ್ತದೆ, ಯಾಕೆಂದರೆ ಓಲ್ಗಾ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಾಖ್ ಆರ್ಗನ್ ವಾದ್ಯಕ್ಕೆ ಬರೆದ ಟೊಕಾಟಾವನ್ನೇ ಗಿಟಾರಿನಲ್ಲಿ ಚಿಂದಿ ಮಾಡುವ ಆಸಾಮಿ. 1979ರಿಂದ ಬ್ಯಾಂಡಿನಲ್ಲಿ ಉಳಿದಿರುವವನು ಅವನೊಬ್ಬನೇ. ಉಳಿದವರು ಬಂದರು, ಹೋದರು. 2004ರ ಆಲ್ಬಮ್ಮಿಗೆ 'ಅವರ್ ಲಾಸ್ಟ್ ಆಲ್ಬಮ್?' ಅಂತ ಹೆಸರಿಟ್ಟ, ಪ್ರಶ್ನೆ ಚಿಹ್ನೆ ಸಮೇತ. 2012ರಲ್ಲಿ ಬಂದದ್ದರ ಹೆಸರು 'ದಿ ಆಲ್ಬಮ್ ಆಫ್ಟರ್ ದ ಲಾಸ್ಟ್ ಒನ್'.

ತಿಂಗಳಿಗೆ ಒಂದೇ ಸಿಡಿ ಕೊಳ್ಳುವವರು 1983ರದ್ದನ್ನೇ ತಗೊಳ್ಳಿ. ಹಿಂಬದಿಯಲ್ಲಿ 'ಲೈವ್' ಅಂತ ಸಣ್ಣಕ್ಷರದಲ್ಲಿ ಏನಾದರೂ ಇದೆಯಾ ಅಂತ ನೋಡಿ. ನನ್ನ ಲೈವ್ ಸಿಡಿ ಈಗ ಮಗಳ ಹತ್ತಿರ ಇದೆ. ಅವಳಿಗೆ ಆ ಕಿರುಚಾಟವೇ ಇಷ್ಟವಂತೆ.