ಹೆಡ್ ಗ್ಯಾಸ್ಕೆಟ್: ಬಾಟಲಿಯೋ, ಬಿಚ್ಚುವುದೋ?

ಎಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಅನಿಲ, ನೀರು, ಆಯಿಲ್ ಸೋರದಂತೆ ತಡೆಯುವ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಹಳೆಯ ಕಾರಿನಲ್ಲಿ ಅದು ಹೋಗಿದೆ ಎಂದೊಡನೆ ಎರಡು ಸಲಹೆಗಳು ಬರುತ್ತವೆ. ರೇಡಿಯೇಟರಿಗೆ ಸೋರಿಕೆ ಮುಚ್ಚುವ ಸೀಲರ್ ಬಾಟಲಿ ಸುರಿಯಿರಿ ಎನ್ನುವುದು ಒಂದು, ಹೆಡ್ ಇಳಿಸಿ ಹೊಸ ಗ್ಯಾಸ್ಕೆಟ್ ಹಾಕಿಸಿ ಎನ್ನುವುದು ಇನ್ನೊಂದು. ನಮ್ಮ ಕುಟುಂಬದಲ್ಲಿ ಎರಡೂ ಆಗಿವೆ. ಭಾವನವರ ಮಾರುತಿ 800ಕ್ಕೆ ಬಾಟಲಿ, ನನ್ನ ಝೆನ್‌ಗೆ ಪೂರ್ತಿ ಕೆಲಸ. ಎರಡೂ ಪುಣೆಯಿಂದ ಬೆಳಗಾವಿಗೆ ಓಡಾಡುವ ಗಾಡಿಗಳು. ಏಪ್ರಿಲ್ ಬಿಸಿಲಲ್ಲಿ, ಲಾರಿಗಳ ಹಿಂದೆ ತೆವಳುತ್ತ ಖಂಬಾಟಕಿ ಘಾಟ್ ಹತ್ತುವಾಗ ಯಾವ ರಿಪೇರಿ ಗಟ್ಟಿ ಎಂಬುದು ತಿಳಿಯುತ್ತದೆ.

ಮೊದಲು ರೋಗ ಖಚಿತವಾಗಬೇಕು. ಆಯಿಲ್ ಮುಚ್ಚಳದೊಳಗೆ ಕೆನೆಬಣ್ಣದ ಜಿಡ್ಡು ಕಂಡ ಮಾತ್ರಕ್ಕೆ ಹೆಡ್ ಬಿಚ್ಚಿಸಬಾರದು. ಪುಣೆಯ ಮಳೆಗಾಲದಲ್ಲಿ ದಿನವೂ ಸ್ವಲ್ಪ ದೂರವಷ್ಟೇ ಓಡುವ ಗಾಡಿಯಲ್ಲಿ ಎಂಜಿನ್ ಸರಿಯಾಗಿ ಕಾಯುವುದಿಲ್ಲ. ಒಳಗಿನ ತೇವ ಮುಚ್ಚಳದಲ್ಲಿ ಹೀಗೆಯೇ ಕೂರುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲೂ ಹಾಲುಹಾಲಾಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಹೊರಗೆಲ್ಲೂ ಸೋರದೆ ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ಕಡಿಮೆಯಾಗುತ್ತಿದ್ದರೂ ಹಾಗೆಯೇ.

ಮೆಕ್ಯಾನಿಕ್ಕರು ಸಾಮಾನ್ಯವಾಗಿ ಮಾಡುವುದು ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವಿನ ಗ್ಯಾಸ್ಕೆಟ್ ಒಡೆದಿರುವ ಸಾಧ್ಯತೆ ಹೆಚ್ಚು. ಆದರೆ ಒಂದೇ ಸಿಲಿಂಡರ್ ಕಡಿಮೆ ಇದ್ದರೆ ತಪ್ಪು ಪಿಸ್ಟನ್ನಿನ ರಿಂಗಿನದೋ ವಾಲ್ವಿನದೋ ಗ್ಯಾಸ್ಕೆಟ್ಟಿನದೋ ಅದು ಹೇಳದು. ಸಣ್ಣ ಬಿರುಕಾಗಿದ್ದರಂತೂ ಎಲ್ಲ ಸಿಲಿಂಡರೂ ಸರಿಯಾಗಿಯೇ ತೋರಿಸಬಹುದು. ರೇಡಿಯೇಟರ್ ಬಾಯಿಗೆ ಹಿಡಿಯುವ ನೀಲಿ ದ್ರವದ ಪರೀಕ್ಷೆ ಸುಲಭ. ಸುಟ್ಟ ಅನಿಲ ಕೂಲಂಟಿಗೆ ನುಗ್ಗುತ್ತಿದ್ದರೆ ದ್ರವ ಹಳದಿಗೆ ತಿರುಗುತ್ತದೆ. ಯಾವ ಸಿಲಿಂಡರ್ ಎಂಬುದು ಮಾತ್ರ ಅದರಿಂದ ತಿಳಿಯುವುದಿಲ್ಲ.

ನನಗೆ ಮೆಚ್ಚುಗೆಯಾದದ್ದು ಲೀಕ್‌ಡೌನ್ ಪರೀಕ್ಷೆ. ಪಿಸ್ಟನ್ನನ್ನು ಕಂಪ್ರೆಷನ್ನಿನ ತುತ್ತತುದಿಗೆ ತಂದು, ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಕಂಪ್ರೆಸರಿನ ಗಾಳಿ ಬಿಟ್ಟು, ಅದು ಎಲ್ಲಿಂದ ಹೊರಬರುತ್ತದೆ ಎಂದು ಕಿವಿಗೊಟ್ಟು ಕೇಳುವುದು. ಸೈಲೆನ್ಸರಿನಲ್ಲಿ ಸದ್ದಾದರೆ ಎಗ್ಸಾಸ್ಟ್ ವಾಲ್ವ್, ಕಾರ್ಬುರೇಟರಿನಲ್ಲಾದರೆ ಇನ್‌ಲೆಟ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಾದರೆ ರಿಂಗ್. ನನ್ನ ಝೆನ್‌ನಲ್ಲಿ ರೇಡಿಯೇಟರಿನಿಂದ ಗುಳ್ಳೆಗಳು ಎದ್ದವು. ಆಮೇಲೆ ಚರ್ಚೆಯೇ ಉಳಿಯಲಿಲ್ಲ.

ಈಗ ಬಾಟಲಿಯ ವಿಷಯ. ಇಂಥ ಹಲವು ದ್ರವಗಳಲ್ಲಿ ಇರುವುದು ಸೋಡಿಯಂ ಸಿಲಿಕೇಟ್. ಕಾವಿಗೆ ಗಾಜಿನಂತೆ ಗಟ್ಟಿಯಾಗಿ ಬಿರುಕನ್ನು ಮುಚ್ಚುತ್ತದೆ. ಅದು ಕೆಲಸವನ್ನೇ ಮಾಡುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಭಾವನವರ ಗಾಡಿ ಸ್ವಾರಗೇಟ್, ಕಾತ್ರಜ್ ಎಂದು ಊರೊಳಗೆ ಚೆನ್ನಾಗಿಯೇ ಓಡಿತು. ಘಾಟಿನಲ್ಲಿ ಮತ್ತೆ ಕೊತಕೊತ ಕುದಿಯಿತು. ಜೊತೆಗೆ ಹೀಟರಿನ ಸಣ್ಣ ಕೊಳವೆಗಳೂ ಕಟ್ಟಿಕೊಂಡವು. ಬಿರುಕು ಯಾವುದು, ರೇಡಿಯೇಟರಿನ ದಾರಿ ಯಾವುದು ಎಂಬ ಭೇದ ಆ ದ್ರವಕ್ಕಿಲ್ಲ. ಗಾಡಿಯನ್ನು ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋಗಲು ಬೇರೆ ದಾರಿಯೇ ಇಲ್ಲದಿದ್ದರೆ ಸುರಿಯಿರಿ. ಇಟ್ಟುಕೊಳ್ಳುವ ಗಾಡಿಗೆ ಬೇಡ.

ಹೆಡ್ ಇಳಿಸುವವರಲ್ಲೂ ಎರಡು ಪಂಗಡಗಳಿವೆ. ಹಳೆಯ ಗ್ಯಾಸ್ಕೆಟ್ ಕೆರೆದು ಹೊಸದನ್ನು ಕೂರಿಸಿಬಿಡುವುದು ಅಗ್ಗದ ಕ್ರಮ. ಹೆಡ್ಡಿನ ಬಾಗನ್ನು ಅಳೆದು, ಸರಿಪಡಿಸಿ ಕೂರಿಸುವುದು ಇನ್ನೊಂದು. ಅಲ್ಯೂಮಿನಿಯಂ ಹೆಡ್ ಕುದಿದ ಮೇಲೆ ಬಾಗಿರುವ ಸಾಧ್ಯತೆ ಹೆಚ್ಚು. ಸುಜುಕಿಯ ಕೈಪಿಡಿ ಒಪ್ಪುವ ಬಾಗು 0.05 ಮಿಲಿಮೀಟರ್ ಮಾತ್ರ; ಬರೆಯುವ ಕಾಗದದ ಅರ್ಧ ದಪ್ಪವಷ್ಟೇ. ಅದನ್ನು ಕಣ್ಣಳತೆಯಲ್ಲಿ ಹೇಳಲಾಗದು. ನೇರ ಪಟ್ಟಿ ಮತ್ತು ಸಂದಿನ ಅಗಲ ಅಳೆಯುವ ಫೀಲರ್ ಗೇಜ್ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನೋಡಬೇಕು. ಅಳೆಯದೆ ಹಾಕಿದ ಹೊಸ ಗ್ಯಾಸ್ಕೆಟ್ಟಿಗೆ ಕೊಟ್ಟ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ನನ್ನ ಹೆಡ್ ಮಿತಿ ಮೀರಿತ್ತು. ಸಮತಟ್ಟು ಫಲಕದ ಮೇಲೆ 400 ನಂಬರಿನ ಎಮರಿ ಕಾಗದ ಹರಡಿ ಕೈಯಿಂದ ಉಜ್ಜುವ ವಿಧಾನ ಕೈಪಿಡಿಯಲ್ಲೇ ಇದೆ. ಅಲ್ಪ ಬಾಗಿಗೆ ಅದು ಸಾಕು, ಲೋಹವೂ ಹೆಚ್ಚು ಹೋಗುವುದಿಲ್ಲ. ನಾನು ಭೋಸರಿಯ ಮಷಿನ್ ಶಾಪಿನಲ್ಲಿ ಫೇಸಿಂಗ್, ಅಂದರೆ ಯಂತ್ರದಿಂದ ಮೇಲ್ಮೈ ಸಮ ಮಾಡುವ ಕೆಲಸ, ಮಾಡಿಸಿದೆ. ಅಲ್ಲಿಯೇ ಹೆಡ್ಡಿಗೆ ಒತ್ತಡದ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ, ಬಿರುಕಿಲ್ಲ ಎಂದೂ ಖಚಿತಪಡಿಸಿದರು. ಎಷ್ಟು ಕಡಿಮೆ ಸಾಧ್ಯವೋ ಅಷ್ಟೇ ತೆಗೆಯಿರಿ ಎಂದು ಹೇಳಲೇಬೇಕು. ಹೆಚ್ಚು ತೆಗೆದರೆ ಕಂಪ್ರೆಷನ್ ಏರುತ್ತದೆ, ಮುಂದೆ ಇನ್ನೊಮ್ಮೆ ಫೇಸಿಂಗಿಗೆ ಲೋಹವೇ ಉಳಿಯುವುದಿಲ್ಲ.

ಗ್ಯಾಸ್ಕೆಟ್ ಪುಣೆಯ ನಾನಾ ಪೇಠ್ ಬಡಾವಣೆಯಲ್ಲಿ ಸಿಕ್ಕಿತು. ಹಲವು ಪದರಗಳ ಉಕ್ಕಿನದಕ್ಕಿಂತ, ಗಾಡಿಯೊಂದಿಗೆ ಬಂದಂಥ ಕಾಂಪೋಸಿಟ್ (ಮಿಶ್ರ ವಸ್ತುವಿನ) ಗ್ಯಾಸ್ಕೆಟ್ಟನ್ನೇ ಆರಿಸಿದೆ. ಉಕ್ಕಿನದಕ್ಕೆ ಮೇಲ್ಮೈ ತೀರ ನಯವಾಗಿರಬೇಕು, ಹಳೆಯ ಬ್ಲಾಕಿನಲ್ಲಿ ಅದು ಕಷ್ಟ.

ಹೆಡ್ ಕೂರಿಸಿದವನು ವಿಜಯಪುರದ ಕಡೆಯ ಹುಡುಗ. ಬೋಲ್ಟಿನ ತೂತುಗಳಲ್ಲಿ ಉಳಿದಿದ್ದ ನೀರು, ಆಯಿಲನ್ನೆಲ್ಲ ಒರೆಸಿ ತೆಗೆದ. ಅಲ್ಲಿ ದ್ರವ ನಿಂತರೆ ಬಿಗಿಯುವಾಗ ಬ್ಲಾಕೇ ಸೀಳಬಹುದು. ನಡುವಿನಿಂದ ಆಚೆಗೆ ಹಂತಹಂತವಾಗಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿದ. ಟೈಮಿಂಗ್ ಬೆಲ್ಟ್ ಹೇಗೂ ಬಿಚ್ಚಿದ್ದರಿಂದ ಅದನ್ನೂ ಬದಲಿಸಿದೆವು. ಗಾಡಿ ಒಯ್ಯಲು ನಾನು ಅವಸರ ಮಾಡಿದಾಗ, “ಕಾಕಾ, ಕುದಿದದ್ದು ಯಾಕೆ ಎಂದು ತಿಳಿಯದೆ ಗಾಡಿ ಕೊಡುವುದಿಲ್ಲ” ಎಂದ. ಎಂಜಿನ್ ಕಾದಾಗ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡಬೇಕಾದ ಥರ್ಮೋಸ್ಟಾಟನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ತೋರಿಸಿದ: ನೀರು ಕುದಿಯುತ್ತಿದ್ದರೂ ಅದು ತೆರೆಯಲೇ ಇಲ್ಲ. ಹೊಸ ಥರ್ಮೋಸ್ಟಾಟ್, ಹೊಸ ರೇಡಿಯೇಟರ್ ಮುಚ್ಚಳ ಹಾಕಿ, ಕೂಲಂಟ್ ತುಂಬಿ, ಫ್ಯಾನ್ ತಾನಾಗಿ ತಿರುಗುವವರೆಗೆ ಎಂಜಿನ್ ಓಡಿಸಿ ಒಳಗಿನ ಗಾಳಿಯನ್ನೆಲ್ಲ ಹೊರಹಾಕಿದ ಮೇಲೆಯೇ ಕೀಲಿ ಕೈಗೆ ಕೊಟ್ಟ. ಭಾವನವರ 800ರ ಹೆಡ್ಡೂ ಈಗ ಅವನ ಮೇಜಿನ ಮೇಲಿದೆ. ಹೀಟರ್ ಕೊಳವೆಗಳನ್ನು ತೊಳೆಯುವುದೇ ಅವನಿಗೆ ದೊಡ್ಡ ಕೆಲಸವಾಗಿದೆ.