‘ಅಂಚು ಬಿಚ್ಚು’ ಎಂದವರು ಒಬ್ಬರೇ: ಆನ್‌ಲೈನ್ ಹೊಲಿಗೆ ಗುಂಪಿನಲ್ಲಿ ಎರಡು ವರ್ಷ

ತಿಂಗಳಿಗೆ 150 ರೂಪಾಯಿ ಕಟ್ಟಿ, ಪ್ರತಿ ಶನಿವಾರ ಮೊಬೈಲ್‌ನಲ್ಲಿ ಕೂಡಿ ಹೊಲಿಯುವ ಗುಂಪೊಂದನ್ನು ಸೇರಿ ಎರಡು ವರ್ಷವಾಯಿತು. ಸೇರುವ ಬಗೆ, ಹಣ ಕಟ್ಟುವ ಬಗೆ ಎಲ್ಲ ಅವರ ಜಾಹೀರಾತಿನಲ್ಲೇ ಇದೆ. ನಾನು ಹೇಳಬೇಕಾಗಿರುವುದು ಒಂದು ಕೌದಿಯ, ಹಳೆಯ ಬಟ್ಟೆ ಜೋಡಿಸಿ ಹೊಲಿದ ಹೊದಿಕೆಯ, ವಿಷಯ.

ಅವ್ವ ತೀರಿಕೊಂಡ ಮೇಲೆ ಅವಳ ನೂಲಿನ ಇಳಕಲ್ ಸೀರೆಗಳು ಟ್ರಂಕಿನಲ್ಲೇ ಉಳಿದಿದ್ದವು. ಕಲಬುರಗಿಯ ನಮ್ಮ ಓಣಿಯಲ್ಲಿ ಹಿಂದೆ ನಾಲ್ಕು ಮನೆಯ ಹೆಂಗಸರು ಕಟ್ಟೆಗೆ ಬಂದು ಒಂದೇ ಕೌದಿಯ ನಾಲ್ಕು ಮೂಲೆ ಹಿಡಿಯುತ್ತಿದ್ದರು. ಈಗ ಆ ಕಟ್ಟೆಯೂ ಇಲ್ಲ, ಕೂಡುವವರೂ ಇಲ್ಲ. ಒಬ್ಬಳೇ ಸೂಜಿ ಹಿಡಿದರೆ ಹತ್ತು ನಿಮಿಷಕ್ಕೆ ಅಳು ಬರುತ್ತಿತ್ತು. ಅದಕ್ಕಾಗಿಯೇ ಸೇರಿದೆ.

ಶನಿವಾರ ಮೂರು ಗಂಟೆಗೆ ಜಮಖಾನ ಹಾಸುತ್ತೇನೆ. ಜೋಳದ ಹಿಟ್ಟಿನ ಡಬ್ಬಿಗೆ ಮೊಬೈಲ್ ಆನಿಸಿ, ದಾರವನ್ನು ಮೊಳದಲ್ಲಿ ಅಳೆದು, ಮೇಣದಬತ್ತಿಗೆ ಒಮ್ಮೆ ಉಜ್ಜುತ್ತೇನೆ. ಹಾಗೆ ಮಾಡಿದರೆ ದಾರ ಗಂಟುಬೀಳುವುದಿಲ್ಲ. ಮೊದಲ ಅರ್ಧ ಗಂಟೆ ಯಾರೂ ಮಾತನಾಡುವುದಿಲ್ಲ. ಯಾರದೋ ಮನೆಯ ಫ್ಯಾನಿನ ಸದ್ದು, ಯಾರದೋ ಕುಕ್ಕರಿನ ಸೀಟಿ, ಎಲ್ಲರ ತಲೆ ಬಟ್ಟೆಯ ಮೇಲೆ. ಆ ಮೌನದಲ್ಲಿ ಅವ್ವನ ಮೊದಲ ಸೀರೆಗೆ ಕತ್ತರಿ ಹಾಕುವ ಧೈರ್ಯ ನನಗೆ ಬಂತು.

ಮೂರು ತಿಂಗಳಲ್ಲಿ ಕೌದಿ ಮುಗಿಯಿತು. ಅಂಚಿಗೆಂದು ಬಜಾರಿನಿಂದ ಹೊಸ ಕೆಂಪು ಬಟ್ಟೆ ತಂದಿದ್ದೆ. ಮೊದಲ ಸಲ ಒಗೆದು ಒಣಹಾಕಿದಾಗ ಅಂಚೆಲ್ಲ ಮುದುಡಿ, ನಡುವಿನ ಸೀರೆ ಉಬ್ಬಿ ನಿಂತಿತ್ತು. ಗುಂಪಿನಲ್ಲಿ ತೋರಿಸಿದರೆ ಎಲ್ಲರೂ ‘ಬಹಳ ಚೆಂದ’ ಎಂದರು. ಬೀದರಿನ ಆಯಿ ಒಬ್ಬರು ಮಾತ್ರ, ‘ಹಿಂಬದಿ ತೋರಿಸು ತಂಗಿ’ ಎಂದರು. ತೋರಿಸಿದೆ. ‘ಅಂಚು ಬಿಚ್ಚು. ಹೊಸ ಬಟ್ಟೆಯನ್ನು ನೀರಿಗೆ ಹಾಕದೆ ಹೊಲಿದಿದ್ದೀಯ. ಹಳೆಯದು ಕುಗ್ಗುವಷ್ಟು ಕುಗ್ಗಿ ಮುಗಿದಿದೆ. ಹೊಸದು ಈಗ ಕುಗ್ಗಿ ಅದನ್ನು ಎಳೆಯುತ್ತಿದೆ’ ಎಂದರು. ಆ ರಾತ್ರಿಯೇ ಬಿಚ್ಚಲು ಕುಳಿತೆ. ಮುಂದಿನ ಎರಡು ಶನಿವಾರ ಆಯಿ ನನ್ನ ಜೊತೆಗೇ ಇದ್ದು ಒಂದೊಂದು ಸಾಲನ್ನೂ ನೋಡಿದರು. ಎರಡು ವರ್ಷದ ಹಣ ನನಗೆ ಅಲ್ಲಿಗೇ ಸಂದಿತು.

ಕಲಿತದ್ದು ಇನ್ನೂ ಇದೆ. ಯಲ್ಲಾಪುರದ ಕಡೆಯವರೊಬ್ಬರು ಸಿದ್ದಿ ಸಮುದಾಯದ ಹೆಂಗಸರ ಕೌದಿ ತೋರಿಸಿದರು: ಮೂಲೆಯಿಂದ ಆರಂಭಿಸಿ ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಬಟ್ಟೆ ಮಡಿಸಿ ‘ಫೂಲ’ (ಹೂವು) ಇಡುತ್ತಾರೆ. ಬಂಗಾಳದ ಕೌದಿಯಾದ ಕಾಂಥಾಕ್ಕೆ ಹಿಂದೆ ಹಳೆಯ ಸೀರೆಯ ಅಂಚಿನಿಂದಲೇ ದಾರ ಬಿಡಿಸಿಕೊಳ್ಳುತ್ತಿದ್ದರಂತೆ. ಅದನ್ನು ಕೇಳಿದ ದಿನ ಟ್ರಂಕು ತೆಗೆದು ಅವ್ವನ ಸೀರೆಯ ಅಂಚುಗಳನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ.

ಆದರೆ ಕಳೆದ ಆರು ತಿಂಗಳಿಂದ ಗುಂಪಿನ ಗುಣವೇ ಬದಲಾಗಿದೆ. ತಪ್ಪು ತೋರಿಸಿ ತಿದ್ದಿಕೊಳ್ಳುತ್ತಿದ್ದ ಕೊನೆಯ ಅರ್ಧ ಗಂಟೆಯಲ್ಲಿ ಈಗ ಕಿಟ್ ಮಾರುತ್ತಾರೆ. ಚೌಕ ಚೌಕವಾಗಿ ಕತ್ತರಿಸಿದ ಹೊಸ ಬಟ್ಟೆಯ ಕಟ್ಟಿಗೆ 900 ರೂಪಾಯಿ! ಹೊಸ ಬಟ್ಟೆಯೇ ಬೇಕಾದರೆ ನಮ್ಮ ಓಣಿಯ ದರ್ಜಿ ಚೀಲ ತುಂಬ ಚೂರುಬಟ್ಟೆಯನ್ನು ಸುಮ್ಮನೆ ಕೊಡುತ್ತಾರೆ. ಆದರೆ ಉಟ್ಟು ಒಗೆದು ಮೆತ್ತಗಾದ ಬಟ್ಟೆಯಿಂದ ಕೌದಿಯಾಗುತ್ತದೆ. ಯಾರೂ ಉಡದ ಬಟ್ಟೆಯನ್ನು ಜೋಡಿಸಿ ಅದನ್ನೂ ಕೌದಿ ಎಂದು ಕರೆದರೆ ನನಗೆ ಸಂಕಟವಾಗುತ್ತದೆ. ಹೊಸಬರು ಏನು ತೋರಿಸಿದರೂ ಹೊಗಳಿಕೆ ಸುರಿಯುತ್ತದೆ. ಮೊನ್ನೆ ಒಬ್ಬ ಹುಡುಗಿಯ ಹೊಲಿಗೆ ನನ್ನದರಂತೆಯೇ ಎಳೆದುಕೊಂಡಿತ್ತು, ಯಾರೂ ಹೇಳಲಿಲ್ಲ. ಆಯಿ ಈಚೆಗೆ ಬರುತ್ತಿಲ್ಲ.

ಹಾಗಾದರೆ ಸೇರಬಹುದೇ? ಒಬ್ಬರೇ ಕುಳಿತು ಹೊಲಿಯುವವರಾದರೆ ಸೇರಿ, ಕಿಟ್ ಮಾತ್ರ ಕೊಳ್ಳಬೇಡಿ. ನಾನು ಸದ್ಯಕ್ಕೆ ಇನ್ನು ಮೂರು ತಿಂಗಳಿಗೆ ಹಣ ಕಟ್ಟಿದ್ದೇನೆ. ತಿದ್ದುವ ಅರ್ಧ ಗಂಟೆಯನ್ನು ಮರಳಿ ಕೊಡಿ ಎಂದು ನಡೆಸುವವರಿಗೆ ಬರೆದೂ ಇದ್ದೇನೆ. ಆ ಹುಡುಗಿಗೆ ನಿನ್ನೆ ಫೋನ್ ಮಾಡಿ, ಶನಿವಾರ ಕೌದಿಯ ಹಿಂಬದಿ ತೋರಿಸು ಎಂದು ಹೇಳಿದೆ. ಮೊದಲು ನನ್ನದರ ಹಿಂಬದಿಯನ್ನು ನಾನೇ ತೋರಿಸುತ್ತೇನೆ.